ಮಾತ್ರೆ ನಿಲ್ಲಿಸಿದ ಮೇಲೂ

ಇಟಲಿಯ ಮಿಲಾನ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ ಗಂಡು ಇಲಿಗಳಿಗೆ ಎರಡು ವಾರ ದಿನವೂ ಪರಾಕ್ಸೆಟಿನ್ ಕೊಟ್ಟರು. ಖಿನ್ನತೆಗೆ, ಆತಂಕಕ್ಕೆ ಜಗತ್ತಿನ ಎಲ್ಲ ಕಡೆ ವೈದ್ಯರು ಬರೆದುಕೊಡುವ ಔಷಧ ಅದು. ಎರಡು ವಾರ ಮುಗಿದ ಕೂಡಲೇ ಕೆಲವು ಇಲಿಗಳ ಮಿದುಳನ್ನು ಪರೀಕ್ಷಿಸಿದರು. ಉಳಿದವಕ್ಕೆ ಔಷಧ ನಿಲ್ಲಿಸಿ, ಒಂದು ತಿಂಗಳು ಸುಮ್ಮನೆ ಬಿಟ್ಟು, ಆಮೇಲೆ ಪರೀಕ್ಷಿಸಿದರು. ಔಷಧ ಮೈಯಿಂದ ಪೂರ್ತಿ ಹೊರಟುಹೋದ ಮೇಲೂ ಮಿದುಳಿನಲ್ಲಿ ಅದರ ಗುರುತು ಉಳಿದಿರುತ್ತದೆಯೇ, ಉಳಿದಿದ್ದರೆ ಎಲ್ಲಿ, ಹೇಗೆ ಎಂಬುದನ್ನು ತಿಳಿಯಬೇಕಿತ್ತು.

ಈ ಗುಂಪಿನ ಔಷಧಗಳು ಅಮೆರಿಕದ ಅಂಗಡಿಗಳಿಗೆ ಬಂದು ಮೂವತ್ತು ವರ್ಷ ದಾಟಿದ ಮೇಲೆ ನಡೆದ ಕೆಲಸ ಇದು. ಔಷಧ ಮಾಡಿ ಮಾರಿದ ಕಂಪನಿ ಈ ಪ್ರಶ್ನೆಯನ್ನು ಮೊದಲೇ ಕೇಳಬಹುದಿತ್ತು, ಮಾರಲು ಅನುಮತಿ ಕೊಟ್ಟ ಸರ್ಕಾರಿ ಸಂಸ್ಥೆ ಕೇಳಿಸಬಹುದಿತ್ತು. ಮಿಲಾನಿನ ಈ ಸಾಲಿನ ಸಂಶೋಧನೆಗೆ ಹಣ ಕೂಡಿಸಿಕೊಟ್ಟವರು ಬೇರೆಯೇ ಜನ. ಅದೇ ಔಷಧಗಳನ್ನು ನುಂಗಿ, ನಿಲ್ಲಿಸಿ, ನಿಲ್ಲಿಸಿದ ಮೇಲೂ ತಮ್ಮ ಮೈ ಮೊದಲಿನಂತಾಗಲಿಲ್ಲ ಎಂದು ವರ್ಷಗಟ್ಟಲೆ ಹೇಳುತ್ತ ಬಂದ ರೋಗಿಗಳು ಅವರು. ವೈದ್ಯಕೀಯದ ಇತಿಹಾಸದಲ್ಲಿ ಅವರಿಗೊಂದು ಪುಟ ಸಲ್ಲಬೇಕು.

ಕಥೆ ಶುರುವಾಗುವುದು ಒಳ್ಳೆಯ ಸುದ್ದಿಯಿಂದ. 1987ರ ಡಿಸೆಂಬರ್ 29ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಲಿ ಲಿಲ್ಲಿ ಕಂಪನಿಯ ಫ್ಲೂಆಕ್ಸೆಟಿನ್ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಪ್ರೊಜಾಕ್ ಎಂಬ ಹೆಸರಿನಲ್ಲಿ ಅದು ಮನೆಮಾತಾಯಿತು. ಮಿದುಳಿನ ನರಕೋಶಗಳ ನಡುವೆ ಸುರಿದ ಸೆರೊಟೊನಿನ್ ಎಂಬ ರಾಸಾಯನಿಕವನ್ನು ಕೋಶಗಳು ಮತ್ತೆ ಹೀರಿಕೊಳ್ಳದಂತೆ ತಡೆಯುವುದು ಈ ಗುಂಪಿನ ಔಷಧಗಳ ಕೆಲಸ. ಗುಂಪಿಗೆ ಎಸ್‌ಎಸ್‌ಆರ್‌ಐ ಎಂದು ಹೆಸರು. ಪ್ರೊಜಾಕ್ ಇವುಗಳಲ್ಲಿ ಮೊದಲನೆಯದೇನಲ್ಲ. ಸ್ವೀಡನ್ನಿನ ಆಸ್ಟ್ರಾ ಕಂಪನಿಯ ಜಿಮೆಲಿಡಿನ್ ಅದಕ್ಕಿಂತ ಮೊದಲೇ ಯುರೋಪಿನಲ್ಲಿ ಬಂದಿತ್ತು. ಕೆಲವರಲ್ಲಿ ಗಿಲ್ಲನ್-ಬಾರೆ ಎಂಬ ನರರೋಗ ಕಾಣಿಸಿಕೊಂಡದ್ದರಿಂದ 1983ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಆದರೆ ಜನರ ಮನಸ್ಸಿನಲ್ಲಿ ನಿಂತದ್ದು ಪ್ರೊಜಾಕ್. 1990ರ ಮಾರ್ಚ್‌ನಲ್ಲಿ ನ್ಯೂಸ್‌ವೀಕ್ ಪತ್ರಿಕೆ ಆ ಹಸಿರು-ಬಿಳಿ ಕ್ಯಾಪ್ಸೂಲನ್ನು ಮುಖಪುಟಕ್ಕೆ ಏರಿಸಿತು.

ಅದರ ಹಿಂದಿನ ತಲೆಮಾರಿನ ಖಿನ್ನತೆಯ ಔಷಧಗಳು ಬಾಯಿ ಒಣಗಿಸುತ್ತಿದ್ದವು, ತೂಕಡಿಕೆ ತರುತ್ತಿದ್ದವು, ಹೆಚ್ಚಾಗಿ ನುಂಗಿದರೆ ಹೃದಯವನ್ನೇ ನಿಲ್ಲಿಸುತ್ತಿದ್ದವು. ಹೊಸವು ಇವೆಲ್ಲದರಲ್ಲೂ ಸೌಮ್ಯ. ಮನೋವೈದ್ಯರಷ್ಟೇ ಅಲ್ಲದೆ ಸಾಮಾನ್ಯ ವೈದ್ಯರೂ ಧೈರ್ಯವಾಗಿ ಬರೆದುಕೊಡಲು ಶುರುಮಾಡಿದರು. ಸಾಯುವ ಯೋಚನೆಯಲ್ಲಿದ್ದ ಎಷ್ಟೋ ಜನ ಈ ಮಾತ್ರೆಗಳಿಂದ ಎದ್ದು ಕೂತಿದ್ದಾರೆ. ಇದನ್ನು ಮರೆತು ಈ ಇತಿಹಾಸ ಬರೆದರೆ ಅದು ಸುಳ್ಳಾಗುತ್ತದೆ.

ಲೈಂಗಿಕ ಅಡ್ಡಪರಿಣಾಮಗಳ ವಿಷಯದಲ್ಲಿ ಮಾತ್ರ ಮೊದಲಿನಿಂದಲೂ ಒಂದು ಕಡೆಗಣಿಕೆ ಇತ್ತು. ಮಾರಾಟಕ್ಕೆ ಮುಂಚಿನ ಪ್ರಯೋಗಗಳು ಸಾಮಾನ್ಯವಾಗಿ ಕೆಲವೇ ವಾರಗಳವು. ಅಲ್ಲಿ ರೋಗಿ ತಾನಾಗಿ ಹೇಳಿದ ತೊಂದರೆ ದಾಖಲಾಗುತ್ತಿತ್ತು. ಹಾಸಿಗೆಯ ವಿಷಯವನ್ನು ಯಾರು ತಾವಾಗಿ ಎತ್ತುತ್ತಾರೆ? ಸ್ಪೇನಿನ ಮನೋವೈದ್ಯ ಆಂಜೆಲ್ ಮೊಂಟೆಹೊ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಅಳತೆ ಮಾಡಿಯೇ ತೋರಿಸಿದರು. 344 ರೋಗಿಗಳ ಆ ಅಧ್ಯಯನದಲ್ಲಿ ತಾವಾಗಿ ತೊಂದರೆ ಹೇಳಿಕೊಂಡವರು ನೂರಕ್ಕೆ 14 ಜನ. ವೈದ್ಯರು ನೇರವಾಗಿ ಕೇಳಿದಾಗ ಹೌದು ಎಂದವರು ನೂರಕ್ಕೆ 58 ಜನ. 2001ರಲ್ಲಿ ಅದೇ ತಂಡ 1,022 ಜನರನ್ನು ಪ್ರಶ್ನಿಸಿ ಮತ್ತೊಂದು ವರದಿ ಕೊಟ್ಟಿತು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ತೊಂದರೆ ಇತ್ತು. ಪರಾಕ್ಸೆಟಿನ್, ಸಿಟಲೊಪ್ರಾಮ್ ತೆಗೆದುಕೊಳ್ಳುವವರಲ್ಲಿ ಪ್ರಮಾಣ ನೂರಕ್ಕೆ 70ನ್ನು ದಾಟಿತ್ತು.

ಈ ಪರಿಣಾಮ ಎಷ್ಟು ಖಚಿತವಾಗಿತ್ತೆಂದರೆ ವೈದ್ಯರು ಅದನ್ನೇ ಚಿಕಿತ್ಸೆಯಾಗಿಯೂ ಬಳಸಿಕೊಂಡರು. ನೆದರ್‌ಲ್ಯಾಂಡ್ಸ್‌ನ ಮಾರ್ಸೆಲ್ ವಾಲ್ಡಿಂಗರ್ 1994ರಲ್ಲಿ ಶೀಘ್ರಸ್ಖಲನಕ್ಕೆ ಪರಾಕ್ಸೆಟಿನ್ ಕೊಟ್ಟು ಫಲ ಕಂಡರು. ಮುಂದೆ ಇದೇ ಉದ್ದೇಶಕ್ಕೆ ಡಪಾಕ್ಸೆಟಿನ್ ಎಂಬ ಎಸ್‌ಎಸ್‌ಆರ್‌ಐ 2009ರಲ್ಲಿ ಸ್ವೀಡನ್ ಮತ್ತು ಫಿನ್‌ಲ್ಯಾಂಡಿನಲ್ಲಿ ಮಾರಾಟಕ್ಕೆ ಬಂತು. ಭಾರತದ ಔಷಧದಂಗಡಿಗಳಲ್ಲೂ ಅದು ಸಿಗುತ್ತದೆ. ಅಂದರೆ ಈ ಔಷಧಗಳು ಕಾಮದ ನರಜಾಲವನ್ನು ಮುಟ್ಟುತ್ತವೆ ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿದ್ದ ಸಂಗತಿ. ಔಷಧ ನಿಲ್ಲಿಸಿದರೆ ಎಲ್ಲವೂ ಮೊದಲಿನಂತಾಗುತ್ತದೆ ಎಂಬ ಇನ್ನೊಂದು ಮಾತೂ ಪುಸ್ತಕಗಳಲ್ಲಿತ್ತು. ಆ ಮಾತಿಗೆ ಆಧಾರವಾಗಿ, ಔಷಧ ಬಿಟ್ಟವರನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡಿದ ಅಧ್ಯಯನವಿರಲಿಲ್ಲ. ಹಾಗಿದ್ದೂ ಕ್ಲಿನಿಕ್‌ಗೆ ಬಂದು ‘ನನಗೆ ಸರಿಹೋಗಲಿಲ್ಲ’ ಎಂದವನ ಮಾತಿಗಿಂತ ಪುಸ್ತಕದ ಮಾತಿಗೇ ಬೆಲೆ ಸಿಕ್ಕಿತು.

2006ನೇ ವರ್ಷ ಈ ಇತಿಹಾಸದ ತಿರುವು. ಒಂದೇ ವರ್ಷದಲ್ಲಿ, ಬೇರೆ ಬೇರೆ ಕಡೆಯಿಂದ, ಒಂದೇ ವಿಷಯ ಅಚ್ಚಿಗೆ ಬಂತು. ಆಂಟೊನೆ ಚೋಕಾ ಮತ್ತು ಸ್ಟುವರ್ಟ್ ಶಿಪ್ಕೊ ಒಂದು ವೈದ್ಯಕೀಯ ನಿಯತಕಾಲಿಕಕ್ಕೆ ಪತ್ರ ಬರೆದು, ಎಸ್‌ಎಸ್‌ಆರ್‌ಐ ನಿಲ್ಲಿಸಿದ ಮೇಲೂ ಲೈಂಗಿಕ ತೊಂದರೆ ಉಳಿದವರು ಇದ್ದಾರೆ ಎಂದರು. ಅಯೋವಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಆಪ್ತಸಲಹೆ ಕೊಡುತ್ತಿದ್ದ ಮನಶ್ಶಾಸ್ತ್ರಜ್ಞೆ ಆಡ್ರಿ ಬಾರಿಕ್ ಅದೇ ವಿಷಯ ಬರೆದರು. ಸರ್ಟ್ರಲಿನ್ ನಿಲ್ಲಿಸಿ ಆರು ವರ್ಷವಾದರೂ ಜನನಾಂಗದ ಮರಗಟ್ಟುವಿಕೆ ಹೋಗದ ಒಬ್ಬ ರೋಗಿಯ ವರದಿಯನ್ನು ಮತ್ತೊಂದು ತಂಡ ಪ್ರಕಟಿಸಿತು. ಚೋಕಾ ಮತ್ತು ಬಾರಿಕ್ ಕೈಜೋಡಿಸಿ 2008ರಲ್ಲಿ ಇನ್ನಷ್ಟು ಪ್ರಕರಣಗಳನ್ನು ಮುಂದಿಟ್ಟರು. ಹೀಗೆ ಈ ಸ್ಥಿತಿಗೆ ಪಿಎಸ್‌ಎಸ್‌ಡಿ (ಎಸ್‌ಎಸ್‌ಆರ್‌ಐ ನಂತರದ ಲೈಂಗಿಕ ತೊಂದರೆ) ಎಂಬ ಹೆಸರು ನಿಂತಿತು.

ಜನನಾಂಗದ ಸ್ಪರ್ಶಜ್ಞಾನ ಮಂಕಾಗುವುದು ಇದರಲ್ಲಿ ಬಹಳ ಮಂದಿ ಹೇಳುವ ಲಕ್ಷಣ. ಮುಟ್ಟಿದ್ದು ತಿಳಿಯುತ್ತದೆ, ಆದರೆ ಅಲ್ಲಿ ಇರಬೇಕಾದ ಹಿತ ಇರುವುದಿಲ್ಲ. ಸ್ಖಲನವಾಗುತ್ತದೆ, ಜೊತೆಗೆ ಬರಬೇಕಾದ ಸುಖ ಬರುವುದಿಲ್ಲ. ಆಸೆ ಹುಟ್ಟುವುದಿಲ್ಲ. ಗಂಡಸರಿಗೆ ನಿಮಿರುವಿಕೆಯ ತೊಂದರೆ, ಹೆಂಗಸರಿಗೆ ತೇವ ಕಡಿಮೆಯಾಗುವ ತೊಂದರೆ. ಹಲವರು ಇದರ ಜೊತೆ ಮನಸ್ಸೂ ಬರಡಾಯಿತು ಎನ್ನುತ್ತಾರೆ: ಸಂಗೀತ ಮುಟ್ಟುವುದಿಲ್ಲ, ಅಳು ಬರುವುದಿಲ್ಲ, ಪ್ರೀತಿಸಿದವರ ಮೇಲೆ ಪ್ರೀತಿ ಇದೆ ಎಂಬುದು ನೆನಪಿನಲ್ಲಷ್ಟೇ ಇದೆ. ಕೆಲವರಿಗೆ ಮಾತ್ರೆ ಶುರುಮಾಡಿದ ಕೆಲವೇ ದಿನಗಳಲ್ಲಿ ಇದು ಬಂದದ್ದುಂಟು. ಇನ್ನು ಕೆಲವರಿಗೆ ನಿಲ್ಲಿಸಿದ ಮೇಲೆ ಹೆಚ್ಚಾದದ್ದುಂಟು.

ವೈದ್ಯರು ನಂಬಲಿಲ್ಲ ಎಂಬುದು ರೋಗಿಗಳ ದೊಡ್ಡ ನೋವು. ವೈದ್ಯರ ಕಡೆಗೂ ಒಂದು ನ್ಯಾಯವಾದ ಕಾರಣವಿತ್ತು. ಖಿನ್ನತೆಯೇ ಕಾಮಾಸಕ್ತಿಯನ್ನು ತಗ್ಗಿಸುತ್ತದೆ. ಹಾಗಿರುವಾಗ ಮಾತ್ರೆ ಬಿಟ್ಟವನೊಬ್ಬ ಬಂದು ಆಸಕ್ತಿ ಇಲ್ಲ ಎಂದರೆ, ಹಳೆಯ ಖಿನ್ನತೆ ಮರಳಿತು ಎಂದುಕೊಳ್ಳುವುದು ಸಹಜ. ಆದರೆ ಈ ತರ್ಕ ಒಂದು ಹಂತದವರೆಗೆ ಮಾತ್ರ ನಡೆಯುತ್ತದೆ. ಖಿನ್ನತೆಯಿಂದ ಚರ್ಮ ಮರಗಟ್ಟುವುದಿಲ್ಲ. ಖಿನ್ನತೆಯೇ ಇರದೆ, ಆತಂಕಕ್ಕೋ ಗೀಳಿಗೋ ನೋವಿಗೋ ಮಾತ್ರೆ ತೆಗೆದುಕೊಂಡವರಲ್ಲೂ ಇದೇ ಲಕ್ಷಣಗಳು ಕಂಡಿವೆ. ‘ಇದೆಲ್ಲ ನಿನ್ನ ಮನಸ್ಸಿನಲ್ಲಿದೆ’ ಎಂಬ ಉತ್ತರ ಕೇಳಿ ಮನೆಗೆ ಬಂದವನು ಇನ್ನೊಬ್ಬ ವೈದ್ಯರ ಬಳಿ ಹೋಗಲು ಹಿಂಜರಿಯುತ್ತಾನೆ. ಅವನು ಹೋಗದಿದ್ದರೆ ಪ್ರಕರಣ ದಾಖಲಾಗುವುದಿಲ್ಲ, ದಾಖಲಾಗದ ರೋಗವನ್ನು ಮುಂದಿನ ವೈದ್ಯ ಕೇಳಿಯೇ ಇರುವುದಿಲ್ಲ.

ಅಧಿಕೃತ ಕಾಗದಗಳಲ್ಲಿ ವಿಷಯ ಸಣ್ಣದಾಗಿ ತಲೆಹಾಕಿತು. 2011ರಲ್ಲಿ ಅಮೆರಿಕದಲ್ಲಿ ಪ್ರೊಜಾಕ್‌ನ ಮಾಹಿತಿ ಪತ್ರಕ್ಕೆ, ಔಷಧ ನಿಲ್ಲಿಸಿದ ನಂತರವೂ ಲೈಂಗಿಕ ತೊಂದರೆ ಒಮ್ಮೊಮ್ಮೆ ಮುಂದುವರಿಯಬಹುದು ಎಂಬ ಅರ್ಥದ ಒಂದು ಸಾಲು ಸೇರಿತು. 2013ರಲ್ಲಿ ಅಮೆರಿಕನ್ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲೂ ಅಂಥದೇ ವಾಕ್ಯ ಬಂತು. ಎರಡೂ ಕಡೆ ಒಂದೊಂದು ಸಾಲು. ಹಾಗೆ ಒಪ್ಪಿಕೊಂಡ ತೊಂದರೆಯ ಕಾರಣವನ್ನು ಹುಡುಕಲು ದೊಡ್ಡ ಸಂಶೋಧನೆ ಮಾತ್ರ ಶುರುವಾಗಲಿಲ್ಲ.

ಇದರ ಹಿಂದೆ ಯಾರದೋ ಪಿತೂರಿ ಇತ್ತೆಂದು ಊಹಿಸಬೇಕಾಗಿಲ್ಲ. ಸಂಶೋಧನೆಯ ಹಣ ಹರಿಯುವ ದಾರಿಯನ್ನು ನೋಡಿದರೆ ಸಾಕು. ಹೊಸ ಔಷಧದ ಪ್ರಯೋಗಕ್ಕೆ ಕಂಪನಿ ಹಣ ಹಾಕುವುದು ಮಾರಾಟದ ಹಕ್ಕು ತನ್ನ ಕೈಯಲ್ಲಿರುವಾಗ. 2001ರಲ್ಲಿ ಅಮೆರಿಕದಲ್ಲಿ ಪ್ರೊಜಾಕ್‌ನ ಪೇಟೆಂಟ್ ಮುಗಿದು ಅಗ್ಗದ ಜೆನೆರಿಕ್ ಮಾತ್ರೆಗಳು ಬಂದವು. ಒಂದೊಂದಾಗಿ ಉಳಿದವುಗಳ ಪೇಟೆಂಟುಗಳೂ ಮುಗಿದವು. ಹತ್ತಾರು ಕಂಪನಿಗಳು ಮಾರುವ ಹಳೆಯ ಔಷಧದ ಹಾನಿಯನ್ನು ಹುಡುಕುವುದು ಯಾವ ಒಂದು ಕಂಪನಿಗೂ ಬೇಕಾದ ಕೆಲಸವಾಗಿ ಉಳಿಯಲಿಲ್ಲ. ಸರ್ಕಾರದ ಅನುದಾನವಾದರೋ ಅರ್ಜಿಯೊಂದಿಗೆ ಮೂರು ವಿಷಯ ಕೇಳುತ್ತದೆ: ಈ ರೋಗದ ವ್ಯಾಖ್ಯೆ ಏನು, ಎಷ್ಟು ಜನರಿಗಿದೆ, ಮೊದಲು ಯಾರಾದರೂ ಮಾಡಿದ ಕೆಲಸದ ಫಲಿತಾಂಶ ಎಲ್ಲಿ? ಈ ಮೂರನ್ನೂ ಕೊಡಬಲ್ಲದ್ದು ಸಂಶೋಧನೆಯೇ. ಒಪ್ಪಿತ ವ್ಯಾಖ್ಯೆಯಿಲ್ಲದ, ಆಸ್ಪತ್ರೆಯ ಕಡತದಲ್ಲಿ ಸಂಕೇತವಿಲ್ಲದ ರೋಗವನ್ನು ಎಣಿಸುವುದೇ ಕಷ್ಟ. ರೋಗನಿರ್ಣಯಕ್ಕೆ ಸ್ಪಷ್ಟ ಮಾನದಂಡಗಳನ್ನು ಮನೋವೈದ್ಯ ಡೇವಿಡ್ ಹೀಲಿ, ಬಾರಿಕ್ ಮೊದಲಾದವರು ಪ್ರಕಟಿಸಿದ್ದೇ 2022ರಲ್ಲಿ. ಔಷಧ ಬಿಟ್ಟು ಮೂರು ತಿಂಗಳಾದರೂ ಲಕ್ಷಣ ಉಳಿದಿರಬೇಕು, ಬೇರೆ ಕಾರಣಗಳಿರಬಾರದು ಎಂಬಂಥ ನಿಯಮಗಳು ಅವು.

ಹೀಗಾಗಿ ಮೊದಲ ಹಣ ನಷ್ಟ ಅನುಭವಿಸಿದವರಿಂದಲೇ ಬರಬೇಕಾಯಿತು. ದಾರಿಯನ್ನು ಮೊದಲು ತುಳಿದವರು ಪಕ್ಕದ ಇನ್ನೊಂದು ಗುಂಪಿನ ರೋಗಿಗಳು: ತಲೆಕೂದಲು ಉದುರುವುದಕ್ಕೆ ಫಿನಾಸ್ಟರೈಡ್ ಮಾತ್ರೆ ತೆಗೆದುಕೊಂಡು, ನಿಲ್ಲಿಸಿದ ಮೇಲೂ ಲೈಂಗಿಕ ಮತ್ತು ಮಾನಸಿಕ ತೊಂದರೆ ಉಳಿದ ಗಂಡಸರು. 2012ರಲ್ಲಿ ಅಮೆರಿಕದಲ್ಲಿ ಅವರಿಗಾಗಿ ಒಂದು ಪ್ರತಿಷ್ಠಾನ ಹುಟ್ಟಿತು. ಅದು ದೇಣಿಗೆ ಕೂಡಿಸಿ ಹಾರ್ವರ್ಡ್‌ಗೆ ಸೇರಿದ ಬಾಸ್ಟನ್ನಿನ ಆಸ್ಪತ್ರೆಯಲ್ಲಿ, ಹ್ಯೂಸ್ಟನ್ನಿನ ಬೇಲರ್ ವೈದ್ಯ ಕಾಲೇಜಿನಲ್ಲಿ, ಮಿಲಾನಿನಲ್ಲಿ ಅಧ್ಯಯನ ನಡೆಸಲು ನೆರವಾಯಿತು. ಬಾಸ್ಟನ್ನಿನ ವರದಿ 2016ರಲ್ಲಿ ಬಂತು. ರೋಗಿಗಳ ರಕ್ತದಲ್ಲಿ ಗಂಡು ಹಾರ್ಮೋನಿನ ಕೊರತೆ ಅದರಲ್ಲಿ ಕಾಣಲಿಲ್ಲ. ಹಣ ಕೊಟ್ಟವರ ನಿರೀಕ್ಷೆಯ ಉತ್ತರ ಅದಾಗಿರಲಾರದು, ಆದರೂ ಪ್ರಕಟವಾಯಿತು. ಈ ಪ್ರತಿಷ್ಠಾನದ ಬಗ್ಗೆ ನನಗೆ ಗೌರವ ಹುಟ್ಟಿಸಿದ ಸಂಗತಿಗಳಲ್ಲಿ ಇದು ದೊಡ್ಡದು.

ಮಿಲಾನಿನ ಪ್ರಯೋಗಾಲಯದ ಮುಖ್ಯಸ್ಥರು ರೊಬೆರ್ಟೊ ಕೊಸಿಮೊ ಮೆಲ್ಕಾಂಜಿ. ಮಿದುಳು ಮತ್ತು ನರಗಳು ತಾವೇ ತಯಾರಿಸಿಕೊಳ್ಳುವ ಸ್ಟೆರಾಯ್ಡ್‌ಗಳು ಅವರ ಜೀವಮಾನದ ವಿಷಯ. ಅಲೊಪ್ರೆಗ್ನನೊಲೋನ್ ಅವುಗಳಲ್ಲೊಂದು, ಮಿದುಳಿನ ಉದ್ರೇಕವನ್ನು ತಣಿಸುವ ಗಾಬಾ ವ್ಯವಸ್ಥೆಗೆ ಅದು ಬಲ ಕೊಡುತ್ತದೆ. ಅದು ತಯಾರಾಗುವ ಹಾದಿಯಲ್ಲಿರುವ ಒಂದು ಕಿಣ್ವವನ್ನು ತಡೆಯುವುದೇ ಫಿನಾಸ್ಟರೈಡಿನ ಕೆಲಸ. ಔಷಧ ಬಿಟ್ಟ ರೋಗಿಗಳ ರಕ್ತದಲ್ಲೂ ಬೆನ್ನುಹುರಿಯ ದ್ರವದಲ್ಲೂ ಈ ಸ್ಟೆರಾಯ್ಡ್‌ಗಳ ಮಟ್ಟ ಏರುಪೇರಾಗಿದೆ ಎಂದು 2015ರಲ್ಲಿ ಅವರ ತಂಡ ತೋರಿಸಿತು. ಎಸ್‌ಎಸ್‌ಆರ್‌ಐ ಔಷಧಗಳೂ ಮಿದುಳಿನ ಅಲೊಪ್ರೆಗ್ನನೊಲೋನ್ ಮಟ್ಟವನ್ನು ಬದಲಿಸುತ್ತವೆ ಎಂಬುದು 1990ರ ದಶಕದಿಂದಲೇ ತಿಳಿದಿತ್ತು. ಹೀಗಾಗಿ ಫಿನಾಸ್ಟರೈಡಿನ ನಂತರದ ತೊಂದರೆಯೂ ಎಸ್‌ಎಸ್‌ಆರ್‌ಐ ನಂತರದ ತೊಂದರೆಯೂ ಒಂದೇ ನಾಣ್ಯದ ಎರಡು ಮುಖಗಳಿರಬಹುದೇ ಎಂಬ ಪ್ರಶ್ನೆಯನ್ನು 2018ರಲ್ಲಿ ಮಿಲಾನಿನವರು ಎತ್ತಿದರು.

ಇತ್ತ ಬ್ರಿಟನ್ನಿನಲ್ಲಿ ಐರ್ಲೆಂಡ್ ಮೂಲದ ಮನೋವೈದ್ಯ ಡೇವಿಡ್ ಹೀಲಿ ಬೇರೊಂದು ಕೆಲಸ ಹಚ್ಚಿಕೊಂಡಿದ್ದರು. ಖಿನ್ನತೆಯ ಔಷಧಗಳ ಇತಿಹಾಸವನ್ನು ಬರೆದವರು ಅವರು. ಅವುಗಳ ಹಾನಿಯ ಬಗ್ಗೆ ಕಂಪನಿಗಳ ವಿರುದ್ಧ ನ್ಯಾಯಾಲಯಗಳಲ್ಲಿ ಸಾಕ್ಷ್ಯ ನುಡಿದವರೂ ಹೌದು. ಆದ್ದರಿಂದ ಅವರನ್ನು ಒಪ್ಪದ ಮನೋವೈದ್ಯರು ಬಹಳ. 2012ರಲ್ಲಿ ಅವರು ರಿಸ್ಕ್ ಎಂಬ ಸಂಸ್ಥೆ ಕಟ್ಟಿ, ಔಷಧಗಳ ಅಡ್ಡಪರಿಣಾಮವನ್ನು ರೋಗಿಗಳೇ ನೇರವಾಗಿ ವರದಿ ಮಾಡುವ ವ್ಯವಸ್ಥೆ ಮಾಡಿದರು. ಅಲ್ಲಿ ಕೂಡಿದ ವರದಿಗಳಿಂದ 2018ರಲ್ಲಿ ಒಂದು ಲೇಖನ ಬಂತು: 37 ದೇಶಗಳ 300 ಜನ, 14 ಔಷಧಗಳು, ನಿಲ್ಲಿಸಿದ ಮೇಲೂ ಉಳಿದ ಲೈಂಗಿಕ ತೊಂದರೆ. ಖಿನ್ನತೆಯ ಔಷಧಗಳೊಂದಿಗೆ ಫಿನಾಸ್ಟರೈಡ್ ಜಾತಿಯವೂ, ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ನೂ ಅದರಲ್ಲಿ ಸೇರಿದ್ದವು.

ಅದಕ್ಕೂ ಮುಂಚೆ, 2017ರಲ್ಲಿ, ಅದೇ ಸಂಸ್ಥೆ ಒಂದು ಬಹುಮಾನ ಸಾರಿತು. ಈ ಮೂರು ಬಗೆಯ ಸ್ಥಿತಿಗಳಿಗೆ ಮದ್ದು ಕಂಡುಹಿಡಿದವರಿಗೆ 1,00,000 ಡಾಲರ್. ಹಣ ಯಾವ ಧನಿಕನದೂ ಅಲ್ಲ, ಜನರಿಂದ ಬಂದ ದೇಣಿಗೆ. ನೌಕೆಯ ರೇಖಾಂಶ ಕಂಡುಹಿಡಿಯಲು 1714ರಲ್ಲಿ ಬ್ರಿಟಿಷ್ ಸಂಸತ್ತು ಬಹುಮಾನ ಇಟ್ಟಿತ್ತು. ಇಲ್ಲಿ ಸಂಸತ್ತಿನ ಜಾಗದಲ್ಲಿ ರೋಗಿಗಳು ನಿಂತಿದ್ದರು. ಬಹುಮಾನ ಇಡುವುದು ಸರಿಯಾದ ದಾರಿಯೇ ಎಂದು ನನಗೆ ಅನುಮಾನವಿದೆ. ರೋಗದ ಕಾರಣವೇ ತಿಳಿಯದಾಗ ಮದ್ದಿಗೆ ಬಹುಮಾನವಿಟ್ಟರೆ, ಇಲಿಯ ಮಿದುಳನ್ನು ವರ್ಷಗಟ್ಟಲೆ ನೋಡುತ್ತ ಕೂರುವವನಿಗೆ ಅದರಿಂದ ಸಂಬಳ ಸಿಗುವುದಿಲ್ಲ. ಆದರೆ ಪತ್ರಿಕೆಗಳು ವಿಷಯ ಎತ್ತಿಕೊಳ್ಳಲು ಇಂಥದೊಂದು ನೆಪ ಬೇಕಿತ್ತು.

ನಿಯಂತ್ರಣ ಸಂಸ್ಥೆಗಳನ್ನು ಅಲುಗಾಡಿಸಿದ್ದು ಅರ್ಜಿ. 2018ರಲ್ಲಿ ಹೀಲಿ, ಚೋಕಾ ಮತ್ತು ಇತರರು ಯುರೋಪಿಗೂ ಅಮೆರಿಕಕ್ಕೂ ಮನವಿ ಸಲ್ಲಿಸಿ, ಔಷಧದ ಮಾಹಿತಿ ಪತ್ರದಲ್ಲಿ ಸ್ಪಷ್ಟ ಎಚ್ಚರಿಕೆ ಬೇಕೆಂದರು. ಯುರೋಪಿಯನ್ ಔಷಧ ಸಂಸ್ಥೆ ಪರಿಶೀಲಿಸಿ 2019ರ ಜೂನ್‌ನಲ್ಲಿ ತೀರ್ಮಾನ ಪ್ರಕಟಿಸಿತು: ಈ ಗುಂಪಿನ ಎಲ್ಲ ಔಷಧಗಳ ಜೊತೆಗಿನ ಕಾಗದದಲ್ಲೂ, ನಿಲ್ಲಿಸಿದ ಮೇಲೂ ದೀರ್ಘಕಾಲ ಉಳಿದ ಲೈಂಗಿಕ ತೊಂದರೆಯ ವರದಿಗಳಿವೆ ಎಂದು ನಮೂದಿಸಬೇಕು. 2021ರಲ್ಲಿ ಕೆನಡಾ, 2024ರಲ್ಲಿ ಆಸ್ಟ್ರೇಲಿಯಾ ಅದೇ ಹಾದಿ ಹಿಡಿದವು. ಅಮೆರಿಕದ ಎಫ್‌ಡಿಎ ಮಾತ್ರ ಮನವಿಗೆ ವರ್ಷಗಟ್ಟಲೆ ಉತ್ತರವನ್ನೇ ಕೊಡಲಿಲ್ಲ. 2024ರಲ್ಲಿ ಪಬ್ಲಿಕ್ ಸಿಟಿಜನ್ ಎಂಬ ಗ್ರಾಹಕ ಹಿತರಕ್ಷಣಾ ಸಂಸ್ಥೆಯ ನೆರವಿನಿಂದ ಚೋಕಾ ನ್ಯಾಯಾಲಯದ ಮೆಟ್ಟಿಲೇರಿದರು. 2006ರಲ್ಲಿ ಮೊದಲ ಪತ್ರ ಬರೆದವರೇ, ಹದಿನೆಂಟು ವರ್ಷಗಳ ನಂತರ, ಉತ್ತರ ಕೊಡಿ ಎಂದಷ್ಟೇ ಕೇಳಲು ಮೊಕದ್ದಮೆ ಹೂಡಬೇಕಾಯಿತು.

ಈ ಹೊತ್ತಿಗೆ ಪಿಎಸ್‌ಎಸ್‌ಡಿ ನೆಟ್‌ವರ್ಕ್ ಎಂಬ ರೋಗಿಗಳ ಸಂಘಟನೆ ಹುಟ್ಟಿತ್ತು. ಹಲವು ದೇಶಗಳಲ್ಲಿ ಚದುರಿದವರು ಹಣ ಸೇರಿಸಿ ಮಿಲಾನಿಗೆ ಕಳಿಸತೊಡಗಿದರು. ರೋಗಿಗಳ ದುಡ್ಡಿನಿಂದ ವಿಜ್ಞಾನ ನಡೆದದ್ದು ಹೊಸದೇನಲ್ಲ. ಪೋಲಿಯೊಗಾಗಿ 1938ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪ್ರತಿಷ್ಠಾನಕ್ಕೆ ಜನ ಹತ್ತು ಸೆಂಟಿನ ನಾಣ್ಯಗಳನ್ನು ನೇರ ಅಧ್ಯಕ್ಷರ ನಿವಾಸಕ್ಕೇ ಅಂಚೆಯಲ್ಲಿ ಕಳಿಸಿದ್ದರು. 1955ರಲ್ಲಿ ಯಶಸ್ವಿ ಎಂದು ಸಾರಲಾದ ಜೋನಸ್ ಸಾಕ್ ಅವರ ಲಸಿಕೆಗೆ ಆ ನಾಣ್ಯಗಳ ಬೆಂಬಲವಿತ್ತು. ಆದರೆ ಅಲ್ಲಿ ರೋಗಿಯಾಗಿದ್ದವರು ಸ್ವತಃ ಅಧ್ಯಕ್ಷ ರೂಸ್‌ವೆಲ್ಟ್. ಊರುಗೋಲು ಹಿಡಿದ ಮಗುವಿನ ಚಿತ್ರವನ್ನು ಗೋಡೆಗೆ ಅಂಟಿಸಿದರೆ ಹಣ ಬರುತ್ತಿತ್ತು. ಜನನಾಂಗ ಮರಗಟ್ಟಿದೆ ಎಂದು ಯಾರು ತಮ್ಮ ಫೋಟೊ ಹಾಕಿ ವಂತಿಗೆ ಎತ್ತುತ್ತಾರೆ? ಅಪ್ಪ-ಅಮ್ಮನಿಗೆ ಹೇಳಲಾಗದ, ಗಂಡ-ಹೆಂಡತಿಗೆ ಹೇಳಿದರೆ ಸಂಸಾರವೇ ಮುರಿಯಬಹುದಾದ ವಿಷಯ. ಮೊದಲೇ ಖಿನ್ನತೆಯಿಂದ ಬಳಲಿದ್ದವರು, ಎಷ್ಟೋ ಮಂದಿ ಹದಿಹರೆಯದಲ್ಲೇ ಮಾತ್ರೆ ಶುರುಮಾಡಿದ್ದವರು, ಕೆಲವರು ಕೆಲಸ ಬಿಟ್ಟವರು. ಇಂಥವರು ಹಣ ಕೂಡಿಸಿದರು. ಮುಖ ತೋರಿಸಿ ಪತ್ರಿಕೆ, ಟೀವಿಗಳಲ್ಲಿ ಮಾತಾಡಲು ಕೆಲವರು ಮುಂದೆ ಬಂದರು. 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ಈ ಬಗ್ಗೆ ದೊಡ್ಡ ವರದಿ ಮಾಡಿದ್ದಕ್ಕೆ ಅವರ ಆ ಧೈರ್ಯವೂ ಕಾರಣ.

ಮಿಲಾನಿನಲ್ಲಿ ಕಂಡದ್ದೇನು? 2021ರ ಅಧ್ಯಯನದಲ್ಲಿ, ಪರಾಕ್ಸೆಟಿನ್ ಕೊಟ್ಟ ಇಲಿಗಳ ರಕ್ತದಲ್ಲೂ ಮಿದುಳಿನ ಕೆಲವು ಭಾಗಗಳಲ್ಲೂ ನರಸ್ಟೆರಾಯ್ಡ್‌ಗಳ ಮಟ್ಟ ಬದಲಾಗಿತ್ತು. ನಿಲ್ಲಿಸಿ ತಿಂಗಳಾದ ಮೇಲೂ ಬೇರೆ ರೀತಿಯ ಬದಲಾವಣೆಗಳಿದ್ದವು. ಮುಂದಿನ ಹೆಜ್ಜೆ ಯಾವ ಜೀನುಗಳು ಎಷ್ಟು ಕೆಲಸ ಮಾಡುತ್ತಿವೆ ಎಂದು ಓದುವುದು. ಅದಕ್ಕೆ ಎರಡು ಜಾಗ ಆರಿಸಿದರು: ಕಾಮ, ಹಸಿವು, ಹಾರ್ಮೋನುಗಳನ್ನು ನಡೆಸುವ ಹೈಪೊಥಲಮಸ್, ಮತ್ತು ಸುಖದ ಅನುಭವಕ್ಕೆ ಬೇಕಾದ ನ್ಯೂಕ್ಲಿಯಸ್ ಅಕಂಬೆನ್ಸ್. ಎರಡನೆಯದರಲ್ಲಿ ಬದಲಾವಣೆ ಹೆಚ್ಚಾಗಿ ಕಂಡಿತು. ಡೋಪಮಿನ್, ಗ್ಲುಟಮೇಟ್, ಗಾಬಾ ಎಂಬ ನರ ರಾಸಾಯನಿಕಗಳಿಗೆ ಸಂಬಂಧಿಸಿದ ಸುಳಿವುಗಳು ಸಿಕ್ಕವು. ‘ಎಲ್ಲವೂ ನಡೆಯುತ್ತದೆ, ಸುಖ ಮಾತ್ರ ಇಲ್ಲ’ ಎಂದು ರೋಗಿಗಳು ಹೇಳುತ್ತಿದ್ದುದಕ್ಕೆ ಹುಡುಕಬೇಕಾದ ಜಾಗ ಇದಿರಬಹುದು ಎಂದು ಅದನ್ನು ಓದಿದಾಗ ಅನ್ನಿಸುತ್ತದೆ.

ಅನ್ನಿಸುವುದಕ್ಕೂ ಸಾಬೀತಾಗುವುದಕ್ಕೂ ನಡುವೆ ಬಹಳ ದಾರಿಯಿದೆ. ಇಲಿಗೆ ಎರಡು ವಾರ ಕೊಟ್ಟ ಔಷಧ, ಮನುಷ್ಯ ವರ್ಷಗಟ್ಟಲೆ ನುಂಗಿದ ಮಾತ್ರೆಗೆ ಸಮನಲ್ಲ. ಲಕ್ಷಾಂತರ ಜನರಲ್ಲಿ ಕೆಲವರಿಗೆ ಮಾತ್ರ ಏಕೆ ಹೀಗಾಗುತ್ತದೆ ಎಂಬುದಕ್ಕೆ ಇಲಿಗಳು ಉತ್ತರ ಹೇಳಲಾರವು. ರೋಗಿಗಳೇ ಹಣ ಹಾಕಿದ ಸಂಶೋಧನೆಗೆ ಅದರದೇ ಅಪಾಯಗಳೂ ಇವೆ. ನೊಂದವರು ಒಂದು ಸಿದ್ಧಾಂತವನ್ನು ಬೇಗ ಅಪ್ಪಿಕೊಳ್ಳುತ್ತಾರೆ, ಅದು ಕೈಕೊಟ್ಟರೆ ಕುಸಿಯುತ್ತಾರೆ. ಹಣ ಕಡಿಮೆಯಿರುವುದರಿಂದ ಅಧ್ಯಯನಗಳು ಸಣ್ಣವಾಗಿರುತ್ತವೆ, ಸಣ್ಣ ಅಧ್ಯಯನಗಳು ಸುಲಭವಾಗಿ ದಾರಿ ತಪ್ಪುತ್ತವೆ. ಇವೆಲ್ಲ ನಿಜವಾದ ದೋಷಗಳು. ಆದರೂ ದೋಷವಿರುವ ಸಣ್ಣ ಅಧ್ಯಯನ ನಡೆದ ಮೇಲಷ್ಟೇ ದೊಡ್ಡದನ್ನು ನಡೆಸಿ ಎಂದು ಒತ್ತಾಯಿಸಲು ಬರುತ್ತದೆ.

ಎಷ್ಟು ಜನರಿಗೆ ಹೀಗಾಗುತ್ತದೆ ಎಂಬುದಕ್ಕೆ ಮೊದಲ ಅಂದಾಜುಗಳು ತೀರ ಈಚಿನವು. ಇಸ್ರೇಲಿನ ಸಂಶೋಧಕರು ಆರೋಗ್ಯ ದಾಖಲೆಗಳನ್ನು ಜಾಲಾಡಿ, ಮಾತ್ರೆ ಬಿಟ್ಟ ಮೇಲೆ ನಿಮಿರುವಿಕೆಯ ಔಷಧ ಬೇಕಾದ ಗಂಡಸರನ್ನು ಎಣಿಸಿ, 2023ರಲ್ಲಿ ಒಂದು ಲೆಕ್ಕ ಕೊಟ್ಟರು: ಸುಮಾರು 216 ಜನರಲ್ಲಿ ಒಬ್ಬ. ಮರಗಟ್ಟುವಿಕೆ ಈ ಲೆಕ್ಕಕ್ಕೆ ಸಿಗುವುದಿಲ್ಲ, ಹೆಂಗಸರಂತೂ ಇದರಲ್ಲಿ ಇಲ್ಲವೇ ಇಲ್ಲ. ಕೆನಡಾ ಮತ್ತು ಅಮೆರಿಕದ ಲೈಂಗಿಕ ಅಲ್ಪಸಂಖ್ಯಾತ ಯುವಜನರ ಸಮೀಕ್ಷೆಯೊಂದು 2024ರಲ್ಲಿ ಬಂತು. ಖಿನ್ನತೆಯ ಔಷಧ ತೆಗೆದುಕೊಂಡು ಬಿಟ್ಟವರಲ್ಲಿ ನೂರಕ್ಕೆ 13 ಮಂದಿ ಜನನಾಂಗದ ಸ್ಪರ್ಶಜ್ಞಾನ ಕುಂದಿದೆ ಎಂದಿದ್ದರು. ಬೇರೆ ಔಷಧ ಬಿಟ್ಟವರಲ್ಲಿ ಹಾಗೆಂದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಇದು ಜನರು ತಾವೇ ಹೇಳಿಕೊಂಡದ್ದು, ಎಲ್ಲ ಜನರಿಗೂ ಅನ್ವಯಿಸುವಂಥದಲ್ಲ. ಎರಡು ಅಂದಾಜುಗಳ ನಡುವೆ ಇಷ್ಟು ಅಂತರವಿರುವುದೇ ಇನ್ನೂ ಎಷ್ಟು ಕೆಲಸ ಬಾಕಿಯಿದೆ ಎಂಬುದಕ್ಕೆ ಸಾಕ್ಷಿ.

ಇದನ್ನು ಓದುವವರಲ್ಲಿ ಈ ಮಾತ್ರೆ ತೆಗೆದುಕೊಳ್ಳುತ್ತಿರುವವರೂ ಇರುತ್ತಾರೆ. ಹೆದರಿ ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯ. ತಲೆಸುತ್ತು, ನಿದ್ದೆಗೇಡು, ತೀವ್ರ ಆತಂಕ, ಖಿನ್ನತೆ ಮರಳುವುದು ಎಲ್ಲವೂ ಆಗಬಹುದು. ಬದಲಿಸಬೇಕೆನಿಸಿದರೆ ವೈದ್ಯರ ಜೊತೆ ಮಾತಾಡಿ ನಿಧಾನವಾಗಿಯೇ ಇಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆಯಿರುವ ಬಹುಪಾಲು ಜನರಿಗೆ ನಮ್ಮಲ್ಲಿ ಚಿಕಿತ್ಸೆಯೇ ಸಿಗುತ್ತಿಲ್ಲ. ಅವರನ್ನು ಚಿಕಿತ್ಸೆಯಿಂದ ದೂರ ಓಡಿಸುವುದು ಈ ರೋಗಿಗಳ ಹೋರಾಟದ ಉದ್ದೇಶವೂ ಅಲ್ಲ. ಮೊದಲ ಮಾತ್ರೆಗೆ ಮುಂಚೆ ಹೀಗೂ ಆಗಬಹುದು ಎಂದು ಹೇಳಿ, ಹಾಗೇನಾದರೂ ಆದಾಗ ನಂಬಿ, ಕಾರಣ ಹುಡುಕಿ ಎಂಬಷ್ಟೇ ಅವರ ಬೇಡಿಕೆ.

ಭಾರತದ ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಫ್ಲೂಆಕ್ಸೆಟಿನ್ ಇದೆ. ಅಡ್ಡಪರಿಣಾಮಗಳನ್ನು ದಾಖಲಿಸಲು 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮವೂ ಇದೆ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ವರದಿ ಮಾಡಲು ವೈದ್ಯರೇ ಆಗಬೇಕಿಲ್ಲ. ರೋಗಿಗಳು, ಮನೆಯವರು ತುಂಬುವ ನಮೂನೆ ಬೇರೆ ಇದೆ, ಅದು ಕನ್ನಡದಲ್ಲೂ ಇದೆ; ಶುಲ್ಕವಿಲ್ಲದ ಸಹಾಯವಾಣಿ 1800-180-3024. ಯಾವ ಔಷಧ, ಯಾವಾಗ ಶುರು, ಯಾವಾಗ ನಿಲ್ಲಿಸಿದ್ದು, ಏನು ತೊಂದರೆ ಎಂಬ ವಿವರಗಳನ್ನು ಅದರಲ್ಲಿ ಬರೆಯಬೇಕು. ಮಾತ್ರೆ ನಿಲ್ಲಿಸಿದ ದಿನಾಂಕ, ಆಮೇಲೂ ತೊಂದರೆ ಮುಂದುವರಿದಿದೆ ಎಂಬ ಒಂದು ಸಾಲು, ಇಷ್ಟು ಬರೆದರೆ ಅದು ದಾಖಲೆಯಾಗುತ್ತದೆ. ಯುರೋಪಿನಲ್ಲಿ ಮಾಹಿತಿ ಪತ್ರ ಬದಲಾಗಿದ್ದು ಇಂಥ ವರದಿಗಳು ಕೂಡಿಬಂದ ಮೇಲೆ.